ಎದುರು ಗಡಂಗಿನವನ ಸಾಕ್ಷಿ

ಆಗಸ್ಟ್ 18, ಸೋಮವಾರ

ರಜೆ ಮುಗಿಸಿ ಐದು ವಾರದ ಮೇಲೆ ಉಪ್ಸಾಲಾ ವಿಶ್ವವಿದ್ಯಾಲಯಕ್ಕೆ ಹೋದರೆ ನನ್ನ ಪಕ್ಕದ ಕೋಣೆಯ ಬಾಗಿಲಿಗೆ ಹೊಸ ಹೆಸರಿನ ಫಲಕ. ನಿಖಿತಾ. ಲುಂಡ್‌ನಲ್ಲಿ ಡಾಕ್ಟರೇಟ್ ಮುಗಿಸಿ ಬಂದ ಬೆಂಗಳೂರಿನ ಹುಡುಗಿ, ಮೂವತ್ತೊಂದು ವರ್ಷ. ಡಿಸೆಂಬರ್‌ವರೆಗೆ ನಮ್ಮ ಇತಿಹಾಸ ವಿಭಾಗದಲ್ಲಿ ಇರುತ್ತಾಳಂತೆ. ನನ್ನ ಕರಾರೂ ಡಿಸೆಂಬರ್‌ಗೇ ಮುಗಿಯುತ್ತದೆ. ಜನವರಿಯಿಂದ ಮೂರು ವರ್ಷಕ್ಕೆ ಒಂದೇ ಒಂದು ಸಂಶೋಧಕರ ಹುದ್ದೆ ಇದೆ. ಅದಕ್ಕೆ ನಾನು ಅರ್ಜಿ ಹಾಕಿದ್ದೇನೆ. ತಾನೂ ಹಾಕಿದ್ದೇನೆಂದು ಅವಳೇ ನಗುನಗುತ್ತ ಹೇಳಿದಳು, ಮುಂದಿನ ವಾರ ತನ್ನ ಮನೆಯಲ್ಲಿ ಸತ್ಯನಾರಾಯಣ ಪೂಜೆ ಇದೆ ಎನ್ನುವ ಧಾಟಿಯಲ್ಲಿ.

ನನ್ನನ್ನು ಅಕ್ಕ ಎಂದು ಕರೆಯುತ್ತಾಳೆ. ನನಗೆ ಮೂವತ್ತೆಂಟು, ಅವಳ ಅಜ್ಜಿಯಲ್ಲ. ಮೂರು ಗಂಟೆಯ ಫಿಕಾಕ್ಕೆ, ಅಂದರೆ ಇಲ್ಲಿಯವರ ಕಾಫಿ ಬಿಡುವಿಗೆ, ಏಲಕ್ಕಿ ಬನ್ನು ತಾನೇ ಮಾಡಿ ತಂದಿದ್ದಳು, ಬಂದ ಮೊದಲ ದಿನವೇ! ಇಡೀ ವಿಭಾಗ ಕಾಫಿ ಮೇಜಿನ ಸುತ್ತ ನಿಂತು ಅವಳೊಡನೆ ಸ್ವೀಡಿಶ್‌ನಲ್ಲಿ ಹರಟಿತು. ನಾನು ಆರು ವರ್ಷದಿಂದ ಇಲ್ಲಿದ್ದೇನೆ, ಹವಾಮಾನದ ಬಗ್ಗೆ ಬಿಟ್ಟರೆ ಬೇರೆ ವಿಷಯದಲ್ಲಿ ಸ್ವೀಡಿಶ್ ಬಾಯಿಗೆ ಬರುವುದಿಲ್ಲ. ವಿಭಾಗದ ಮುಖ್ಯಸ್ಥೆ ಗುನಿಲ್ಲಾ ಎರಡನೇ ಬನ್ನು ತೆಗೆದುಕೊಂಡರು. ಅವರು ಎರಡನೆಯದನ್ನು ತೆಗೆದುಕೊಂಡದ್ದು ನಾನು ಇದುವರೆಗೆ ಕಂಡಿರಲಿಲ್ಲ.

ಬನ್ನಿನಲ್ಲಿ ಸಕ್ಕರೆ ಹೆಚ್ಚಾಗಿತ್ತು.

ಆಗಸ್ಟ್ 20, ಬುಧವಾರ

ಈ ದೇಶದ ಒಂದು ಪದ್ಧತಿ ನನಗೆ ತುಂಬ ಇಷ್ಟ. ಸರ್ಕಾರಿ ಕಚೇರಿಯಲ್ಲಿರುವ ಕಾಗದವನ್ನು ಯಾರು ಬೇಕಾದರೂ ಕೇಳಿ ಪಡೆಯಬಹುದು, ಯಾಕೆ ಎಂದು ಅವರು ಕೇಳುವಂತಿಲ್ಲ. ಕೆಲಸದ ಅರ್ಜಿಯೂ ಅದರಲ್ಲಿ ಸೇರಿದೆ. ಬೆಳಿಗ್ಗೆ ವಿಶ್ವವಿದ್ಯಾಲಯದ ದಾಖಲೆ ಕಚೇರಿಗೆ ಎರಡು ಸಾಲಿನ ಮೇಲ್ ಬರೆದೆ, ಇಪ್ಪತ್ತು ನಿಮಿಷದಲ್ಲಿ ನಿಖಿತಾಳ ಅರ್ಜಿ ಬಂತು. ನೂರ ಮೂವತ್ತೆರಡು ಪುಟ.

ವಾಪಸ್ ಬರುವಾಗ ರೈಲಿನಲ್ಲಿ ಓದಿದೆ. ಅವಳ ಪ್ರಸ್ತಾವನೆಯ ನಾಲ್ಕನೇ ಪುಟದಲ್ಲಿ ಕಾರವಾರ! ಓದುತ್ತ ನಮ್ಮ ಮನೆಯಿರುವ ಸೊಲ್ಲೆಂಟುನಾ ದಾಟಿಹೋದದ್ದೇ ತಿಳಿಯಲಿಲ್ಲ, ಸೋಲ್ನಾದಲ್ಲಿ ಇಳಿದು ಹಿಂದಕ್ಕೆ ಬರಬೇಕಾಯಿತು. ನನ್ನ ಗಂಡ ಜೀವನ್ ಅಷ್ಟರಲ್ಲಿ ಆಫೀಸಿನಿಂದ ಬಂದು ಅನ್ನಕ್ಕಿಟ್ಟಿದ್ದ. ರೈಲು ತಡವಾಯಿತು ಎಂದೆ.

ಕಾರವಾರ ನನ್ನದು. 1873ರಲ್ಲಿ ಒಬ್ಬ ನಾವಿಕ ಕುಡಿದ ಅಮಲಿನಲ್ಲಿ ಅಲ್ಲಿನ ಹಡಗು ನಿಲ್ಲುವ ಧಕ್ಕೆಯಿಂದ ಬಿದ್ದು ಸತ್ತ. ಕಲೆಕ್ಟರ್ ಸಾಹೇಬರು ಮೂವರ ಸಮಿತಿ ಮಾಡಿ, ಬಂದರಿನಲ್ಲಿ ಹಡಗಿನವರಿಗೆ ಸಾರಾಯಿ ಮಾರುವವರು ಯಾರು, ಎಷ್ಟು ಮಾರುತ್ತಾರೆ ಎಂದು ವಿಚಾರಣೆ ನಡೆಸಿದರು. ನಲವತ್ತೊಂದು ಜನರ ಹೇಳಿಕೆಗಳಿವೆ. ಮುಂಬಯಿಯ ಪತ್ರಾಗಾರದಲ್ಲಿ ನಾಲ್ಕು ತಿಂಗಳು ಧೂಳು ಕುಡಿದು ಒಂದೊಂದು ಹಾಳೆಯ ಫೋಟೋ ತೆಗೆದವಳು ನಾನು. ಆ ಗುಮಾಸ್ತರ ಮೋಡಿ ಎಂಬ ಹಳೆಯ ಮರಾಠಿ ಅಕ್ಷರ ಕಲಿತವಳು ನಾನು. ಹುಟ್ಟಿದ್ದು ಅಂಕೋಲೆಯಲ್ಲಿ, ಆ ಬಂದರಿನ ಗಾಳಿ ಮೂಗಿಗೆ ಬಡಿಯುವಷ್ಟು ಹತ್ತಿರ. ಬೆಂಗಳೂರಿನವಳಿಗೆ ಗಡಂಗು ಎಂದರೆ ಹೆಂಡದಂಗಡಿ ಎಂಬುದಾದರೂ ಗೊತ್ತಿದೆಯೋ ಇಲ್ಲವೋ.

ಆಗಸ್ಟ್ 22, ಶುಕ್ರವಾರ

ಇವತ್ತು ಇಪ್ಪತ್ತೆಂಟನೇ ಸಾಕ್ಷಿಯ ಹೇಳಿಕೆ ಓದಿ ಮುಗಿಸಿದೆ. ಇಂಥ ಮನುಷ್ಯ ಸಿಕ್ಕಿದರೆ ಅಧ್ಯಾಯ ತಾನಾಗಿ ಬರೆಸಿಕೊಳ್ಳುತ್ತದೆ.

ಧಕ್ಕೆಯ ದಾರಿಯಲ್ಲಿ ಪಾಸ್ಕಾಲಾ ಎಂಬ ವಿಧವೆಯ ಗಡಂಗು. ಅದರ ಎದುರಿಗೆ ಸುಬ್ರಾಯ ಎಂಬವನ ಗಡಂಗು. ಹಡಗಿನವರೆಲ್ಲ ಪಾಸ್ಕಾಲಾಳ ಕಡೆಗೇ ಹೋಗುತ್ತಾರೆ. ಆಕೆ ಹುರಿದ ಮೀನು ಕೊಡುತ್ತಾಳೆ, ನಾಲ್ಕು ಮಾತು ಪೋರ್ತುಗೀಸಿನಲ್ಲಿ ಆಡುತ್ತಾಳೆ. ಸುಬ್ರಾಯ ಸಮಿತಿಯ ಮುಂದೆ ಬಂದು, ಈ ಹೆಂಗಸು ಹೊತ್ತು ಮೀರಿ ಮಾರುತ್ತಾಳೆ, ಸತ್ತವನಿಗೆ ಅಂದು ಹದಿನಾಲ್ಕು ಸಲ ಸಾರಾಯಿ ಕೊಟ್ಟಳು ಎಂದು ಹೇಳಿಕೆ ಕೊಟ್ಟಿದ್ದಾನೆ. ಆಕೆ ಯಾವ ದಿನ ಯಾವ ಸೀರೆ ಉಟ್ಟಿದ್ದಳು, ಎಷ್ಟು ಹೊತ್ತಿಗೆ ಬಾಗಿಲು ತೆರೆದಳು, ಯಾರೊಡನೆ ನಕ್ಕಳು, ಎಲ್ಲವೂ ಅವನಿಗೆ ಗೊತ್ತು. ಒಟ್ಟು ಹದಿನೇಳು ಸಂಜೆಯ ವಿವರ! ತನ್ನ ಅಂಗಡಿಯಲ್ಲಿ ವ್ಯಾಪಾರ ಮಾಡುವುದು ಬಿಟ್ಟು ಅವಳ ಬಾಗಿಲನ್ನೇ ನೋಡುತ್ತ ಕುಳಿತಿದ್ದಾನೆ ಪುಣ್ಯಾತ್ಮ. ಅಂಚಿನಲ್ಲಿ ಪೆನ್ಸಿಲಿನಿಂದ ಬರೆದುಕೊಂಡೆ: ಹೊಟ್ಟೆಕಿಚ್ಚಿನ ಮುದ್ದೆ.

ನಿಖಿತಾ ಬಂದದ್ದು ಒಂಬತ್ತೂ ಹತ್ತಕ್ಕೆ. ಹಸಿರು ಕುರ್ತಾ. ಊಟಕ್ಕೆ ಗುನಿಲ್ಲಾ ಜೊತೆ ಹೋದಳು, ಐವತ್ತು ನಿಮಿಷ. ವಾಪಸ್ ಬಂದಾಗ ಇಬ್ಬರೂ ನಗುತ್ತಿದ್ದರು.

ಆಗಸ್ಟ್ 30, ಶನಿವಾರ

ನಿನ್ನೆ ಸಂಜೆ ವಿಭಾಗದ ಕ್ರೇಫಿಶ್ ಪಾರ್ಟಿ. ವರ್ಷಾವರ್ಷ ಆಗಸ್ಟ್ ಕೊನೆಗೆ ಇದು ಇದ್ದದ್ದೇ. ಸಬ್ಬಸಿಗೆ ಹಾಕಿ ಬೇಯಿಸಿದ, ಸಿಗಡಿಯಂಥ ಕೆಂಪು ಕ್ರೇಫಿಶ್, ತಲೆಗೆ ಕಾಗದದ ಟೋಪಿ, ಹಾಡು. ಒಂದು ಹಾಡು ಮುಗಿದೊಡನೆ ಎಲ್ಲರೂ ಪುಟ್ಟ ಗ್ಲಾಸಿನಲ್ಲಿರುವ ನೀರಿನಂಥ ಬಿಳಿ ಮದ್ಯವನ್ನು ಎತ್ತಿ ಕುಡಿಯಬೇಕು. ನಾನು ಕುಡಿಯುವುದಿಲ್ಲ, ನನ್ನ ಮುಂದೆ ಲಿಂಗನ್ ಹಣ್ಣಿನ ರಸ. ಏಡಿ ಒಡೆದು ತಿಂದು ಬೆಳೆದ ನನಗೆ ಕ್ರೇಫಿಶ್ ಒಡೆಯುವುದು ಲೀಲಾಜಾಲ, ಆದರೆ ಅದನ್ನು ಗಮನಿಸುವವರು ಯಾರು? ಎಲ್ಲರೂ ನಿಖಿತಾಳ ಹಾಡು ಕೇಳುವುದರಲ್ಲಿದ್ದರು. ಆ ಹಾಡುಗಳೆಲ್ಲ ಅವಳಿಗೆ ಬಾಯಿಪಾಠ. ಲುಂಡ್‌ನಲ್ಲಿ ವಿದ್ಯಾರ್ಥಿಗಳು ಕಲಿಸಿದರಂತೆ.

ಐದು ಹಾಡು, ಐದು ಗ್ಲಾಸು. ಎಣಿಸಿದೆ. ಐದನೆಯದಕ್ಕೆ ಕುರ್ಚಿಯ ಮೇಲೆ ನಿಂತಿದ್ದಳು.

ಜೀವನ್ ಕೇಳಿದ, ಪಾರ್ಟಿ ಹೇಗಿತ್ತು ಎಂದು. ಹೇಳಿದೆ. ಅವನು ಗಂಜಿ ಊಟ ಮಾಡುತ್ತ ಕೇಳಿಸಿಕೊಂಡು, "ಊಟ ಮುಗಿಯೋದ್ರೊಳಗೆ ಅವಳ ಹೆಸರು ಆರು ಸಲ ಹೇಳ್ದೆ ನೀನು" ಅಂದ. ಅಹನಾ ತಲೆ ಎತ್ತಿ, ನಿಖಿತಾ ಅಂದರೆ ಯಾರು ಎಂದು ಸ್ವೀಡಿಶ್‌ನಲ್ಲಿ ಕೇಳಿದಳು. ಏಳು ವರ್ಷದ ಮಗುವಿಗೆ ಏನೆಂದು ಹೇಳುವುದು? ಅಮ್ಮನ ಆಫೀಸಿನವರು ಎಂದೆ.

ಸೆಪ್ಟೆಂಬರ್ 1, ಸೋಮವಾರ

ಹನ್ನೊಂದು ಗಂಟೆಗೆ ಬಂದಳು. ಕಣ್ಣು ಕೆಂಪು, ಮುಖ ಊದಿತ್ತು. ಶುಕ್ರವಾರದ್ದು ಸೋಮವಾರದವರೆಗೂ ಇಳಿದಿಲ್ಲ ಎಂದರೆ ಎಷ್ಟು ಏರಿರಬೇಕು.

ಸೆಪ್ಟೆಂಬರ್ 3, ಬುಧವಾರ

ನಿಖಿತಾ ಬಾಗಿಲು ತಟ್ಟಿ, ಮೋಡಿ ಅಕ್ಷರ ಓದುವುದು ಹೇಳಿಕೊಡುತ್ತೀರಾ ಎಂದು ಕೇಳಿದಳು. ಆಗುವುದಿಲ್ಲ ಎನ್ನಲು ಬಾಯಿ ಬರಲಿಲ್ಲ. ಒಂದು ಗಂಟೆ ಕೂರಿಸಿ ಹೇಳಿಕೊಟ್ಟೆ. ಚುರುಕಾಗಿದ್ದಾಳೆ, ಒಪ್ಪಿಕೊಳ್ಳಬೇಕು. ಒಂದು ಸಾಲನ್ನು ತಾನಾಗಿ ಬಿಡಿಸಿ ಓದಿದಾಗ ನನ್ನ ಕಡೆ ನೋಡಿದ ರೀತಿ, ಅಹನಾ ಮೊದಲ ಸಲ ಸೈಕಲ್ ತುಳಿದು ನೋಡಿದ್ದಳಲ್ಲ, ಹಾಗಿತ್ತು. ಈ ದೇಶಕ್ಕೆ ಬಂದ ಮೇಲೆ ಆ ಕಡತದ ಬಗ್ಗೆ ಕನ್ನಡದಲ್ಲಿ ಮಾತಾಡಿದ್ದು ಇದೇ ಮೊದಲು. ಸುಬ್ರಾಯನ ಕಥೆ ಹೇಳಿದೆ. ಹೊಟ್ಟೆ ಹಿಡಿದುಕೊಂಡು ನಕ್ಕಳು.

ಆಮೇಲೆ ಮೆಲ್ಲಗೆ, "ಅಕ್ಕ, ಸತ್ತ ನಾವಿಕ ಸ್ವೀಡನ್ನಿನವನು ಅಲ್ವಾ? ಆ ಹಡಗಿನ ದಿನಚರಿ ನಂಗೆ ಸಿಕ್ಕಿದೆ" ಅಂದಳು.

ಇಲ್ಲೇ ಸ್ವೀಡನ್ನಿನ ಒಂದು ಪತ್ರಾಗಾರದಲ್ಲಿ ಬಿದ್ದಿತ್ತಂತೆ. ಹಳೆಯ ಸ್ವೀಡಿಶ್ ಕೈಬರಹ. ಆ ನಾವಿಕ ಮೂರು ದಿನದಿಂದ ಜ್ವರದಲ್ಲಿದ್ದ, ಧಕ್ಕೆಯ ಹಲಗೆ ಮುರಿದಿತ್ತು ಎಂದು ಕಪ್ತಾನ ಬರೆದಿದ್ದಾನಂತೆ. ಆರು ವರ್ಷ ನಾನು ಇದೇ ದೇಶದಲ್ಲಿ ಕುಳಿತು ಆ ಕಾಗದ ಹುಡುಕಲಿಲ್ಲ. ಹುಡುಕಿದ್ದರೂ ಓದಲು ಬರುತ್ತಿರಲಿಲ್ಲ.

ಒಳ್ಳೆಯದಾಯಿತು ಎಂದೆ. ಅವಳು ಹೋದ ಮೇಲೆ ಬಾಗಿಲು ಹಾಕಿಕೊಂಡು ಕುಳಿತೆ. ಲುಂಡ್‌ನ ದಾಖಲೆ ಕಚೇರಿಗೆ ಬರೆದು ಅಲ್ಲಿ ಅವಳ ಪಾಠದ ಬಗ್ಗೆ ವಿದ್ಯಾರ್ಥಿಗಳು ಬರೆದ ಅಭಿಪ್ರಾಯ ಇದೆಯೇ ಎಂದು ಕೇಳಿದೆ. ಇತ್ತು. ಎಲ್ಲರೂ ಹೊಗಳಿದ್ದಾರೆ.

ಸೆಪ್ಟೆಂಬರ್ 11, ಗುರುವಾರ

ಹುದ್ದೆಗೆ ಅರ್ಜಿ ಹಾಕಿದವರ ಬಗ್ಗೆ ತಜ್ಞರ ವರದಿ ಬಂತು. ನಿಖಿತಾ ಒಂದು, ನಾನು ಎರಡು.

ಎರಡು.

ಸೆಪ್ಟೆಂಬರ್ 12, ಶುಕ್ರವಾರ

ರಾತ್ರಿ ನಿದ್ದೆ ಸರಿಯಾಗಿ ಬರಲಿಲ್ಲ. ನನ್ನ ಬಗ್ಗೆ ಬರೆದದ್ದು: ಮೂಲ ದಾಖಲೆಗಳ ಮೇಲೆ ಅಪರೂಪದ ಹಿಡಿತ. ಅವಳ ಬಗ್ಗೆ: ದಾಖಲೆಗಳ ಹಿಡಿತದ ಜೊತೆಗೆ, ಅವುಗಳ ಮೇಲೆ ಅನುಮಾನ. ಅನುಮಾನ ಪಡಲು ಯಾರಿಗೆ ಬರುವುದಿಲ್ಲ?

ಬೆಳಿಗ್ಗೆ ಕಾಫಿ ಯಂತ್ರದ ಬಳಿ ಗುನಿಲ್ಲಾ ಒಬ್ಬರೇ ಸಿಕ್ಕಿದರು. ವರದಿ ನೋಡಿದೆಯಾ, ಹೇಗಿದ್ದೀಯಾ ಎಂದು ಕೇಳಿದರು. ಕೇಳಿದ ರೀತಿಯಲ್ಲಿ ಬಹಳ ಅಂತಃಕರಣವಿತ್ತು. ನನ್ನ ಚಿಂತೆ ನನ್ನದಲ್ಲ, ನಿಖಿತಾಳದು ಎಂದುಬಿಟ್ಟೆ. ಅದು ಎಲ್ಲಿಂದ ಬಂತೋ ಗೊತ್ತಿಲ್ಲ. ಬಂದ ಮೇಲೆ ನಿಲ್ಲಿಸಲಾಗಲಿಲ್ಲ. ಪಾರ್ಟಿಯಲ್ಲಿ ಐದು ಗ್ಲಾಸು, ಕುರ್ಚಿ ಹತ್ತಿದ್ದು, ಸೋಮವಾರ ಹನ್ನೊಂದಕ್ಕೆ ಬಂದದ್ದು, ಕೆಂಪು ಕಣ್ಣು. ಒಂಟಿ ಹುಡುಗಿ, ಮನೆಯವರೆಲ್ಲ ದೂರ, ಅಕ್ಕನ ಸ್ಥಾನದಲ್ಲಿದ್ದೇನೆ, ಸುಮ್ಮನಿರಲು ಮನಸ್ಸಾಗಲಿಲ್ಲ ಎಂದೆ. ದಯವಿಟ್ಟು ಇದು ನಮ್ಮಿಬ್ಬರಲ್ಲೇ ಇರಲಿ ಎಂದೂ ಹೇಳಿದೆ. ಗುನಿಲ್ಲಾ ಆಗಲಿ ಎನ್ನಲಿಲ್ಲ. ಹೇಳಿದ್ದಕ್ಕೆ ಥ್ಯಾಂಕ್ಸ್ ಅಂದರು, ಅಷ್ಟೆ.

ಒಂದು ಮಾತೂ ಸುಳ್ಳು ಹೇಳಿಲ್ಲ. ಕಣ್ಣಾರೆ ಕಂಡದ್ದನ್ನು ಹೇಳಿದ್ದೇನೆ.

ಸಂಜೆ ಬಹಳ ದಿನದ ಮೇಲೆ ಬಂಗಡೆ ಸಾರು ಮಾಡಿದೆ. ಇಲ್ಲಿಯ ಮ್ಯಾಕರೆಲ್ ಮೀನಿಗೆ ನಮ್ಮ ಬಂಗಡೆಯ ರುಚಿ ಪೂರ್ತಿ ಬರುವುದಿಲ್ಲ, ಆದರೂ ಇವತ್ತು ಚೆನ್ನಾಗಿತ್ತು.

ಸೆಪ್ಟೆಂಬರ್ 24, ಬುಧವಾರ

ನಿಖಿತಾಳನ್ನು ಗುನಿಲ್ಲಾ ಕರೆಸಿದ್ದರು. ನಲವತ್ತು ನಿಮಿಷ ಬಾಗಿಲು ಮುಚ್ಚಿತ್ತು. ಇಲ್ಲಿ ಯಾರೂ ಬೈಯುವುದಿಲ್ಲ. ಕುಡಿತದ ಅನುಮಾನ ಬಂದರೆ ಕೆಲಸದವರಿಗೆಂದೇ ಇರುವ ಡಾಕ್ಟರರ ಹತ್ತಿರ ಕಳಿಸುತ್ತಾರೆ, ಆರೋಗ್ಯದ ಕಾಳಜಿ ಎನ್ನುತ್ತಾರೆ. ಹುದ್ದೆಯ ತೀರ್ಮಾನವನ್ನು ಡಾಕ್ಟರರ ವರದಿ ಬರುವವರೆಗೆ ತಡೆಹಿಡಿದಿದ್ದಾರಂತೆ. ಫಿಕಾದಲ್ಲಿ ಯಾರೋ ಹೇಳಿದರು.

ಅವಳು ಫಿಕಾಕ್ಕೆ ಬರಲಿಲ್ಲ. ಮೂರು ಸಲ ಅವಳ ಕೋಣೆಯ ಮುಂದೆ ಹಾದು ಹೋದೆ, ಪ್ರಿಂಟರ್ ಆ ಕಡೆಗೇ ಇರುವುದರಿಂದ. ಕಿಟಕಿಯ ಕಡೆ ಮುಖ ಮಾಡಿ ಕುಳಿತಿದ್ದಳು. ಕಂಪ್ಯೂಟರ್ ಆಫ್ ಆಗಿತ್ತು.

ಸುಬ್ರಾಯನನ್ನು ಸಮಿತಿ ಎರಡನೇ ಸಲ ಪ್ರಶ್ನಿಸಿದ ಹಾಳೆ ಇವತ್ತು ಓದಿದೆ. ಸಮಿತಿಯಲ್ಲಿದ್ದ ಬಂದರಿನ ಡಾಕ್ಟರ ಕೇಳುತ್ತಾನೆ: ಹದಿನಾಲ್ಕು ಸಲ ಕೊಟ್ಟಳು ಎಂದು ಹೇಗೆ ಲೆಕ್ಕ ಹಾಕಿದೆ, ಒಳಗೆ ಹೋಗಿ ನೋಡಿದೆಯಾ? ಅವನು ಹೇಳುತ್ತಾನೆ: ಒಳಗೆ ಹೋಗಲಿಲ್ಲ. ನಗು ಕೇಳಿಸಿತು. ಹದಿನಾಲ್ಕು ಸಲ ನಕ್ಕರು. ಒಂದೊಂದು ನಗುವಿಗೆ ಒಂದೊಂದು ಸಲ ಎಂದು ತಿಳಿದೆ.

ಎಂಥ ಮೂರ್ಖ! ಡಾಕ್ಟರ ಅಲ್ಲಿಗೇ ಬಿಟ್ಟನಲ್ಲ ಎಂದು ಸಿಟ್ಟು ಬಂತು. ಆಮೇಲೆ ಏನೂ ಬರೆಯಲು ಆಗಲಿಲ್ಲ. ತಲೆನೋವು.

ಸೆಪ್ಟೆಂಬರ್ 29, ಸೋಮವಾರ

ಅಹನಾಳ ಶಾಲೆಗೆ ಹೋಗುವುದಿತ್ತು, ಮರೆತೆ. ಜೀವನ್ ಹೋಗಿ ಬಂದ. ಪಾತ್ರೆ ತೊಳೆಯುವಾಗ ನನ್ನ ಕಡೆ ತಿರುಗದೆ ಕೇಳಿದ. "ಮೈತ್ರೇಯಿ, ನೀನು ಕೆಲ್ಸ ಮಾಡೋಕೆ ಹೋಗ್ತಿದೀಯಾ, ಅವಳನ್ನ ನೋಡೋಕೆ ಹೋಗ್ತಿದೀಯಾ?"

ಅವನಿಗೇನು ಗೊತ್ತು. ಅವನ ಆಫೀಸಿನಲ್ಲಿ ಯಾರಾದರೂ ಬಿಟ್ಟುಹೋದರೆ ಕೇಕ್ ತಿನ್ನುತ್ತಾರೆ, ಬಂದರೂ ಕೇಕ್ ತಿನ್ನುತ್ತಾರೆ.

ಅಕ್ಟೋಬರ್ 2, ಗುರುವಾರ

ಇದನ್ನು ಇದ್ದಂತೆಯೇ ಬರೆಯುತ್ತೇನೆ.

ಹತ್ತೂವರೆಗೆ ನಿಖಿತಾ ಬಾಗಿಲು ತಟ್ಟಿದಳು. ಕೈಯಲ್ಲಿ ಪ್ರಿಂಟ್ ಮಾಡಿದ ಒಂದು ಕಟ್ಟು ಕಾಗದ. ಕುಳಿತುಕೋ ಎಂದೆ, ಕುಳಿತುಕೊಳ್ಳಲಿಲ್ಲ. ಡಾಕ್ಟರರ ಹತ್ತಿರ ಯಾಕೆ ಕಳಿಸಿದರು ಎಂದು ತಿಳಿಯಲು ಇಲ್ಲಿಯ ಮತ್ತು ಲುಂಡ್‌ನ ದಾಖಲೆ ಕಚೇರಿಗಳಿಗೆ ಬರೆದು ತನ್ನ ಹೆಸರಿರುವ ಕಾಗದಗಳನ್ನೆಲ್ಲ ಕೇಳಿದಳಂತೆ.

ಮೇಲಿನ ಹಾಳೆ ಗುನಿಲ್ಲಾ ಬರೆದ ಟಿಪ್ಪಣಿ. ಸೆಪ್ಟೆಂಬರ್ 12, ಬೆಳಿಗ್ಗೆ 8.50, ಕಾಫಿ ಯಂತ್ರದ ಬಳಿ. ಮೈತ್ರೇಯಿ ಮೌಖಿಕವಾಗಿ ತಿಳಿಸಿದ್ದು. ಐದು ಗ್ಲಾಸು, ಕುರ್ಚಿ, ಹನ್ನೊಂದು ಗಂಟೆ, ಕೆಂಪು ಕಣ್ಣು. ಇದು ನಮ್ಮಿಬ್ಬರಲ್ಲೇ ಇರಲಿ ಎಂದು ಕೋರಿದ್ದಾರೆ ಎನ್ನುವುದನ್ನೂ ಬರೆದಿದ್ದಾರೆ! ಕೆಳಗೆ ಕ್ರಮಸಂಖ್ಯೆ, ಸಹಿ. ಇಲ್ಲಿಯ ಅಧಿಕಾರಿಗಳು ಕೆಲಸಕ್ಕೆ ಸಂಬಂಧಪಟ್ಟ ಮಾತನ್ನು ಕಿವಿಯಲ್ಲಿ ಇಟ್ಟುಕೊಳ್ಳುವಂತಿಲ್ಲ, ಬರೆದು ನೋಂದಾಯಿಸಬೇಕು. ನನಗೆ ಇದು ಗೊತ್ತಿರಬೇಕಿತ್ತು. ನಾನು ಊರಿನಲ್ಲಿ ಪ್ರಿನ್ಸಿಪಾಲರ ಕಿವಿಯಲ್ಲಿ ಹೇಳಿದ ಹಾಗೆ ಹೇಳಿದ್ದೆ. ಇಂಥ ಟಿಪ್ಪಣಿಗಳನ್ನು ಓದುವುದೇ ನನ್ನ ಕಸುಬು.

ಅದರ ಕೆಳಗೆ ನನ್ನ ಮೇಲ್‌ಗಳು. ದಾಖಲೆ ಕೇಳಿ ಬರೆದ ಮೇಲ್ ಕೂಡ ದಾಖಲೆಯೇ ಎಂದು ನಾನು ಯೋಚಿಸಿರಲಿಲ್ಲ. ಅವಳ ಅರ್ಜಿ, ಅವಳ ಪಾಠದ ಅಭಿಪ್ರಾಯಗಳು, ಲುಂಡ್‌ನಲ್ಲಿ ಅವಳು ಹಾಕಿದ ರಜೆಗಳು, ಪ್ರವಾಸದ ಬಿಲ್ಲುಗಳು. ಪ್ರತಿಯೊಂದರ ಕೆಳಗೂ ನನ್ನ ಪೂರ್ತಿ ಹೆಸರು, ಡಾಕ್ಟರೇಟ್ ಸಮೇತ. ಹೆಸರು ಹಾಕಬೇಕಾಗಿಯೇ ಇರಲಿಲ್ಲ, ಕಂಪ್ಯೂಟರ್ ತಾನೇ ಹಾಕಿತ್ತು.

"ಹನ್ನೊಂದು ಸಲ ಅಕ್ಕ," ಅಂದಳು. "ನನ್ನ ಬಗ್ಗೆ ಇಷ್ಟೊಂದು ಓದಿದೀರಾ. ಒಂದ್ಸಲ ನನ್ನನ್ನೇ ಕೇಳಬಹುದಿತ್ತು."

ನಾನು ಏನೋ ಹೇಳಲು ಹೋದೆ. ಕಾಳಜಿ ಎಂಬ ಪದ ಬಂತು.

"ನಾನು ಕುಡಿಯಲ್ಲ. ಯಾವತ್ತೂ ಕುಡಿದಿಲ್ಲ. ಆ ಗ್ಲಾಸಲ್ಲಿ ನೀರಿತ್ತು, ಪಕ್ಕದಲ್ಲಿ ಕೂತಿದ್ದೋರಿಗೆಲ್ಲ ಗೊತ್ತಿತ್ತು. ಸೋಮವಾರ ಬೆಳಿಗ್ಗೆ ಹಲ್ಲು ಕೀಳಿಸಿಕೊಂಡು ಬಂದಿದ್ದೆ."

ದನಿ ಏರಿಸಲಿಲ್ಲ. ಏರಿಸಿದ್ದರೆ ನನಗೂ ಏರಿಸಲು ಆಗುತ್ತಿತ್ತು. ಕಾಗದಗಳನ್ನು ಮೇಜಿನ ಮೇಲೆ ಇಟ್ಟು ಹೋದಳು, ನಿಮ್ಮ ಪ್ರತಿ ಇರಲಿ ಎಂದು.

ಅಕ್ಟೋಬರ್ 3, ಶುಕ್ರವಾರ

ಜ್ವರ ಎಂದು ರಜೆ ಹಾಕಿದೆ. ಜ್ವರ ಇರಲಿಲ್ಲ.

ಅಕ್ಟೋಬರ್ 9, ಗುರುವಾರ

ಗುನಿಲ್ಲಾ ಕರೆಸಿದರು. ನೀನೂ ಅದೇ ಹುದ್ದೆಯ ಅಭ್ಯರ್ಥಿ ಎಂಬುದನ್ನು ನಾನು ಮೊದಲು ಯೋಚಿಸಬೇಕಿತ್ತು, ತಪ್ಪು ನನ್ನದು ಎಂದರು. ನನ್ನ ತಪ್ಪು ಏನೆಂದು ಹೇಳಲಿಲ್ಲ. ಹೇಳುತ್ತಾರೆಂದು ಕಾದೆ. ಹೇಳಿದ್ದರೆ ಹಗುರಾಗುತ್ತಿತ್ತು. ಡಾಕ್ಟರರು ನಿಖಿತಾ ಆರೋಗ್ಯವಾಗಿದ್ದಾಳೆ ಎಂದು ಬರೆದುಕೊಟ್ಟಿದ್ದಾರೆ, ಹುದ್ದೆಯನ್ನು ಅವಳಿಗೇ ಕೊಡಲಿದ್ದೇವೆ ಎಂದರು. ತನ್ನ ಕಡೆಯ ಮಾತನ್ನು ಆ ಕಡತಕ್ಕೆ ಸೇರಿಸುವ ಹಕ್ಕು ಅವಳಿಗಿದೆ, ಸೇರಿಸಿದ್ದಾಳೆ ಎಂದೂ ತಿಳಿಸಿದರು.

ಕೋಣೆಗೆ ಬಂದು, ಅವಳು ಸೇರಿಸಿದ್ದನ್ನು ಕಳಿಸಿ ಎಂದು ದಾಖಲೆ ಕಚೇರಿಗೆ ಹನ್ನೆರಡನೇ ಮೇಲ್ ಬರೆದೆ. ಬರೆಯುವಾಗ ಇದೂ ಅವಳಿಗೆ ಕಾಣುತ್ತದೆ ಎಂದು ಗೊತ್ತಿತ್ತು.

ಮೂರೇ ಸಾಲು ಬರೆದಿದ್ದಾಳೆ. ನಾನು ಮದ್ಯ ಕುಡಿಯುವುದಿಲ್ಲ. ಸೆಪ್ಟೆಂಬರ್ ಒಂದರಂದು ದಂತವೈದ್ಯರ ಬಳಿ ಹೋಗಿದ್ದೆ, ರಸೀದಿ ಲಗತ್ತಿಸಿದೆ. ಕಾರವಾರದ ಕೈಬರಹ ಓದುವುದನ್ನು ನನಗೆ ಕಲಿಸಿದ್ದು ಮೈತ್ರೇಯಿ, ಅವರಷ್ಟು ಚೆನ್ನಾಗಿ ಓದಬಲ್ಲವರನ್ನು ನಾನು ಕಂಡಿಲ್ಲ.

ಈ ಮೂರನೆಯ ಸಾಲು ಯಾಕೆ ಬೇಕಿತ್ತು? ಒಳ್ಳೆಯವಳು ಎನಿಸಿಕೊಳ್ಳುವುದಕ್ಕೆ. ಬೇರೆ ಏನೂ ಇಲ್ಲ. ನಾಲ್ಕು ಸಲ ಓದಿದೆ.

ಅಕ್ಟೋಬರ್ 20, ಸೋಮವಾರ

ನಿಖಿತಾ ಹುದ್ದೆ ಬೇಡ ಎಂದಳಂತೆ. ಲುಂಡ್‌ನಲ್ಲಿ ಅವಳ ಹಳೆಯ ಪ್ರೊಫೆಸರು ಒಂದು ವರ್ಷದ ಕೆಲಸ ಕೊಡುತ್ತಿದ್ದಾರೆ, ಡಿಸೆಂಬರ್‌ವರೆಗೂ ಕಾಯದೆ ಈ ವಾರವೇ ಅಲ್ಲಿಗೆ ಹೋಗುತ್ತಾಳೆ. ಮೂರು ವರ್ಷದ್ದನ್ನು ಬಿಟ್ಟು ಒಂದು ವರ್ಷದ್ದು! ಕಾರಣ ಕೇಳಿದ್ದಕ್ಕೆ, ಯಾರೋ ಎಣಿಸುತ್ತಿದ್ದಾರೆ ಎಂದುಕೊಂಡೇ ಈ ವಿಭಾಗದಲ್ಲಿ ಕುಳಿತು ಕೆಲಸ ಮಾಡುವುದು ಇನ್ನು ತನಗೆ ಆಗುವುದಿಲ್ಲ ಎಂದಳಂತೆ. ಗುನಿಲ್ಲಾ ಇದನ್ನು ನನಗೆ ಹೇಳುವಾಗ ಕಿಟಕಿಯ ಕಡೆ ನೋಡುತ್ತಿದ್ದರು. ನಿಯಮದ ಪ್ರಕಾರ ಎರಡನೆಯವಳಿಗೆ ಕೊಡಬೇಕು. ಮೂವತ್ತೊಂದರೊಳಗೆ ಸಹಿ ಹಾಕು ಎಂದರು.

ಹುದ್ದೆ ನನ್ನದು. ಕಾರವಾರ ನನ್ನದು.

ಜೀವನ್‌ಗೆ ಫೋನ್ ಮಾಡಿದೆ. ಕಂಗ್ರಾಟ್ಸ್ ಅಂದ. ಆಮೇಲೆ ಅವಳ ಕಥೆ ಏನಾಯ್ತು ಎಂದು ಕೇಳಿದ. ನೆಟ್‌ವರ್ಕ್ ಸರಿಯಿಲ್ಲ ಎಂದು ಇಟ್ಟೆ.

ಅಕ್ಟೋಬರ್ 24, ಶುಕ್ರವಾರ

ಇವತ್ತು ಅವಳ ಕೊನೆಯ ದಿನ. ನಾನು ಊಟಕ್ಕೆ ಹೋಗಿದ್ದಾಗ ನನ್ನ ಮೇಜಿನ ಮೇಲೆ ಒಂದು ಲಕೋಟೆ ಇಟ್ಟುಹೋಗಿದ್ದಳು. ಆ ಹಡಗಿನ ದಿನಚರಿ, ಅವಳು ಮಾಡಿದ ಇಂಗ್ಲಿಷ್ ಅನುವಾದದ ಸಮೇತ. ಚೀಟಿ ಏನೂ ಇರಲಿಲ್ಲ. ಮಾಡುವುದಾದರೆ ಒಂದು ಸಾಲು ಬೈದು ಬರೆಯಬೇಕಿತ್ತು. ಇದು ಯಾವ ಸೀಮೆಯ ನ್ಯಾಯ?

ಫಿಕಾಕ್ಕೆ ಹೋದೆ. ಎಲ್ಲರೂ ನನಗೆ ಶುಭಾಶಯ ಹೇಳಿದರು, ಹವಾಮಾನದ ಬಗ್ಗೆ ಮಾತಾಡಿದರು. ನಾನೂ ಮಾತಾಡಿದೆ. ಐದು ನಿಮಿಷದಲ್ಲಿ ಕಪ್ಪು ಖಾಲಿಯಾಯಿತು.

ಪಾಸ್ಕಾಲಾಳ ಕಡತ ಮುಗಿಸಿದೆ. ಸಮಿತಿ ಆಕೆಯ ಪರವಾನಗಿ ರದ್ದು ಮಾಡಿತು. ಧಕ್ಕೆಯ ದಾರಿಯಲ್ಲಿ ಒಂದೇ ಗಡಂಗು ಸಾಕು ಎಂದು ಸುಬ್ರಾಯನಿಗೆ ಕೊಟ್ಟಿತು. ಆಕೆ ಎಲ್ಲಿಗೆ ಹೋದಳೋ ಒಂದು ಸಾಲೂ ಇಲ್ಲ.

ಅಕ್ಟೋಬರ್ 27, ಸೋಮವಾರ

ಪಕ್ಕದ ಕೋಣೆ ಖಾಲಿ. ಹೆಸರಿನ ಫಲಕ ತೆಗೆದಿದ್ದಾರೆ. ಬೆಳಿಗ್ಗೆ ಒಂಬತ್ತೂ ಹತ್ತಕ್ಕೆ ಕಿವಿ ತಾನಾಗಿ ಆ ಕಡೆಗೆ ಹೋಯಿತು, ಅಭ್ಯಾಸಬಲ.

ಮಧ್ಯಾಹ್ನ ಒಂದು ಸಾಲು ಸಿಕ್ಕಿತು, ಬಹಳ ಚೆಂದದ ಮೋಡಿ. ಗುಮಾಸ್ತ ಒಂದೇ ಎಳೆಯಲ್ಲಿ ಲೇಖನಿ ಎತ್ತದೆ ಇಡೀ ವಾಕ್ಯ ಬರೆದಿದ್ದಾನೆ. ಯಾರಿಗಾದರೂ ತೋರಿಸಬೇಕೆನ್ನಿಸಿತು. ಎದ್ದು ಬಾಗಿಲವರೆಗೂ ಹೋಗಿ ಮತ್ತೆ ಬಂದು ಕುಳಿತೆ.

ಅಕ್ಟೋಬರ್ 28, ಮಂಗಳವಾರ

ಇಡೀ ಬೆಳಿಗ್ಗೆ ನಲವತ್ತೊಂದು ಹೇಳಿಕೆಗಳನ್ನು ಮೊದಲಿನಿಂದ ಕೊನೆಯವರೆಗೆ ತಿರುವಿದೆ. ಸುಬ್ರಾಯ ಮೂರನೆಯ ಸಲ ಸಮಿತಿಯ ಮುಂದೆ ಬಂದನೇ ಎಂದು. ಬಂದಿಲ್ಲ. ಬಂದು, ನಾನು ಕಂಡದ್ದು ಸಾರಾಯಿಯಲ್ಲ, ಕೇಳಿದ್ದು ನಗು ಎಂದು ತಾನಾಗಿ ಒಂದು ಮಾತು ಹೇಳಿದ್ದರೆ ಆ ಹೆಂಗಸಿಗೆ ಉಪಯೋಗವಾಗುತ್ತಿತ್ತೋ ಇಲ್ಲವೋ, ಓದುವ ನನ್ನಂಥವಳಿಗೆ ಆಗುತ್ತಿತ್ತು. ನೂರೈವತ್ತು ವರ್ಷದಿಂದ ಆ ಕಡತ ಅರ್ಧಕ್ಕೇ ನಿಂತಿದೆ.

ಕರಾರಿನ ಕಾಗದ ಮೇಜಿನ ಮೇಲಿದೆ, ಸಹಿ ಇನ್ನೂ ಹಾಕಿಲ್ಲ. ಅದಕ್ಕೆ ಮೊದಲು ಇನ್ನೊಂದು ಕೆಲಸ ಮುಗಿಸೋಣ ಎಂದು ದಾಖಲೆ ಕಚೇರಿಗೆ ಬರೆದೆ. ಕೇಳುವುದೇನೂ ಇಲ್ಲ, ಕೊಡುವುದಿದೆ ಎಂದೆ. ಸೆಪ್ಟೆಂಬರ್ 12ರ ಟಿಪ್ಪಣಿಯ ಜೊತೆಗೆ ಇದನ್ನು ಇಡಬೇಕು ಎಂದು ಕೋರಿದೆ. ನಾನು ಎಣಿಸಿದ್ದು ಹಾಡುಗಳನ್ನು. ಗ್ಲಾಸಿನಲ್ಲಿ ಏನಿತ್ತು ಎಂದು ನೋಡಲಿಲ್ಲ, ನೋಡುವ ಮನಸ್ಸು ನನಗಿರಲಿಲ್ಲ. ಹಿಂದಿನ ದಿನ ತಜ್ಞರ ವರದಿಯಲ್ಲಿ ಅವಳ ಹೆಸರು ನನ್ನದಕ್ಕಿಂತ ಮೇಲಿತ್ತು, ಅದಕ್ಕೇ ಹಾಗೆ ಹೇಳಿದೆ. ಇಂಗ್ಲಿಷಿನಲ್ಲಿ ಬರೆದರೆ ಹೇಗೋ ಇತ್ತು, ಕನ್ನಡದಲ್ಲೂ ಬರೆದು ಕೆಳಗೆ ಸೇರಿಸಿದೆ. ಆ ಕಡತ ತೆರೆಯುವವರಲ್ಲಿ ಅದನ್ನು ಓದಬಲ್ಲವಳು ಒಬ್ಬಳೇ.

ಪಶ್ಚಾತ್ತಾಪ, ಗಿಶ್ಚಾತ್ತಾಪ ಅಂತೇನೂ ಅಲ್ಲ. ಕಡತ ಪೂರ್ತಿಯಾಗಿರಬೇಕು, ಇತಿಹಾಸದವಳಾಗಿ ಅಷ್ಟೂ ಮಾಡದಿದ್ದರೆ ಹೇಗೆ. ಗುನಿಲ್ಲಾ ಇದನ್ನು ಓದಿದ ಮೇಲೆ ಆ ಕರಾರು ವಾಪಸ್ ಕೇಳಿದರೂ ಕೇಳಬಹುದು. ಕೇಳಲಿ.

ಒಂದೂ ಕಾಲಿಗೆ ಉತ್ತರ ಬಂತು. ಪತ್ರ ತಲುಪಿದೆ, ನೋಂದಾಯಿಸಿದ್ದೇವೆ, ಇನ್ನು ಯಾರು ಕೇಳಿದರೂ ಕೊಡುತ್ತೇವೆ. ಲುಂಡ್‌ನಲ್ಲಿ ಕುಳಿತು ಅವಳು ಕೇಳುತ್ತಾಳೋ ಇಲ್ಲವೋ. ಕೇಳದಿದ್ದರೆ ಅವಳಿಗೆ ಜಂಬ ಎಂದೇ ಅರ್ಥ. ಮೂರು ಗಂಟೆಯವರೆಗೆ ಎಂಟು ಸಲ ಮೇಲ್ ತೆರೆದು ನೋಡಿದೆ.